ಕಲ್ಲಿನ ಪಾಠಕ್ಕೆ ಅರ್ಹರು

ಎಂಟನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಭೂಗೋಳದ ಭಾಗ ಅಂತ ಒಂದಿದೆ. ಭೂಮಿಯ ಒಳರಚನೆ, ಶಿಲೆಗಳು, ಭೂಕಂಪ, ಜ್ವಾಲಾಮುಖಿ ಎಲ್ಲ ಅದರಲ್ಲೇ ಬರುತ್ತವೆ. ನಮ್ಮ ಸರಕಾರಿ ಶಾಲೆಗಳಲ್ಲಿ ಕಲ್ಲು ಮಣ್ಣಿನ ವಿಚಾರ ವಿಜ್ಞಾನದ ಮಾಸ್ತರರ ಪಾಲಿಗೆ ಬಂದಿಲ್ಲ, ನನ್ನಂಥ ಸಮಾಜದ ಟೀಚರುಗಳ ಪಾಲಿಗೆ ಬಂದಿದೆ. ನಾನು ಬಿಎಗೆ ಓದಿದ್ದು ಇತಿಹಾಸ, ರಾಜ್ಯಶಾಸ್ತ್ರ ಮತ್ತು ಕನ್ನಡ. ಕಲ್ಲಿನ ಬಗ್ಗೆ ನನಗಿದ್ದ ಜ್ಞಾನವೆಂದರೆ ಎಡವಿದರೆ ಹೆಬ್ಬೆರಳು ಒಡೆಯುತ್ತದೆ ಎಂಬುದಷ್ಟೆ. ಆದರೂ ನಿಯಮದ ಪ್ರಕಾರ ಆ ಪಾಠ ಕಲಿಸಲು ನಾನು ಅರ್ಹಳು. ಭೂವಿಜ್ಞಾನದಲ್ಲೇ ಪದವಿ ಪಡೆದ ನನ್ನ ತಂಗಿ ಅರ್ಹಳಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡರೂ ನನ್ನ ಸಿಟ್ಟು ಇಳಿದಿಲ್ಲ.

ನಮ್ಮದು ಹುನಗುಂದದ ಹತ್ತಿರದ ಹಳ್ಳಿ. ಅಜ್ಜನ ಕಾಲದವರೆಗೆ ಕುರಿ ಕಾಯ್ದ ಮನೆತನ, ಬೀರಪ್ಪ ದೇವರ ಒಕ್ಕಲು. ಅಪ್ಪ ಕುರಿಗಳನ್ನು ತನ್ನ ತಮ್ಮನಿಗೆ ಬಿಟ್ಟುಕೊಟ್ಟು ಇಳಕಲ್ಲಿನ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆದ. ಶಾಲೆಗೆ ರಜೆ ಇದ್ದಾಗ ನಾವಿಬ್ಬರೂ ಅವನಿಗೆ ಬುತ್ತಿ ಒಯ್ಯುತ್ತಿದ್ದೆವು. ಅಲ್ಲಿ ಗಿರಾಕಿ ಬಂದರೆ ಮೊದಲು ಚಪ್ಪಡಿಯ ಮೇಲೆ ಒಂದು ಚೆಂಬು ನೀರು ಚೆಲ್ಲುತ್ತಿದ್ದರು. ಧೂಳು ಹಿಡಿದು ಮಂಕಾಗಿದ್ದ ಕಲ್ಲು ನೀರು ಬಿದ್ದೊಡನೆ ಕೆಂಪಗೆ ಹೊಳೆದು, ಒಳಗಿನ ಕಣಗಳೆಲ್ಲ ಎದ್ದು ಕಾಣುತ್ತಿದ್ದವು. ನಾನು ಎಲ್ಲಾದರೂ ನೆರಳು ಹುಡುಕಿ ಕೂಡುತ್ತಿದ್ದೆ. ತಂಗಿ ಮಾತ್ರ ಒಡೆದ ಚೂರುಗಳನ್ನು ಆರಿಸಿಕೊಂಡು, ನೀರು ಸಿಗದಿದ್ದರೆ ನಾಲಿಗೆಯಿಂದಲೇ ನೆಕ್ಕಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದಳು.

"ಇದಕ್ಕ ರೊಟ್ಟಿ ಏನೂ ಬ್ಯಾಡ, ಕಲ್ಲು ತಿಂದು ಬದುಕತೈತಿ" ಎಂದು ಅಪ್ಪ ನಗುತ್ತಿದ್ದ.

ಬಾಗಲಕೋಟೆಯಲ್ಲಿ ಅವಳನ್ನು ಬಿಎಸ್ಸಿಗೆ ಸೇರಿಸುವಾಗ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತವೋ ಭೂವಿಜ್ಞಾನವೋ ಎಂದು ಕೇಳಿದರು. ಅವಳಿಗೆ ಗಣಿತವೂ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಪ್ಪ ಅಷ್ಟು ಹೊತ್ತಿಗೆ ಇಳಕಲ್ಲಿನ ಮನುಷ್ಯನಾಗಿಬಿಟ್ಟಿದ್ದ. ಸುತ್ತಲಿನ ಊರುಗಳೆಲ್ಲ ಕಲ್ಲಿನ ಮೇಲೆ ಹೊಟ್ಟೆ ಹೊರೆಯುವುದನ್ನು ದಿನವೂ ನೋಡುವವನಿಗೆ, ಕಲ್ಲಿನ ವಿದ್ಯೆ ಕಲಿತವರಿಗೆ ಕೆಲಸ ಸಿಗದೇ ಹೋದೀತು ಎಂದು ಹೇಗೆ ಹೊಳೆಯಬೇಕು? "ಕಲ್ಲಿಂದು ಬರಕೊಳ್ರಿ" ಎಂದ. ತಂಗಿ ಖುಷಿಯಿಂದ ಕುಣಿಯುವುದೊಂದು ಬಾಕಿ. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅವಳಿಗೆ ಫ್ಯಾಕ್ಟರಿಯ ಕೆಲಸ ಬೇಕಿರಲಿಲ್ಲ, ಸಣ್ಣಂದಿನಿಂದ ಟೀಚರ್ ಆಗಬೇಕೆಂದೇ ಹಟ. ಡಿಗ್ರಿ ಮುಗಿಸಿ ಬಿಎಡ್ ಕೂಡ ಮಾಡಿದಳು. ಅಲ್ಲಿಯವರೆಗೂ ಯಾರೂ ಅವಳನ್ನು ಎಲ್ಲಿಯೂ ತಡೆಯಲಿಲ್ಲ.

ತಡೆದದ್ದು ನೇಮಕಾತಿಯ ಪ್ರಕಟಣೆ. ವಿಜ್ಞಾನದ ಹುದ್ದೆಗೆ ಡಿಗ್ರಿಯಲ್ಲಿ ಗಣಿತ ಇರಬೇಕು, ಇಲ್ಲವೇ ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಇರಬೇಕು ಎಂದಿತ್ತು. ಸಮಾಜ ವಿಜ್ಞಾನದ ಹುದ್ದೆಗೆ ಬಿಎ ಆಗಿರಬೇಕು. ಭೂವಿಜ್ಞಾನ ಓದಿದವರನ್ನು ಕೂಡಿಸಲು ಅದರಲ್ಲಿ ಜಾಗವೇ ಇರಲಿಲ್ಲ. ಆಗ ನನಗೆ ಹುನಗುಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತ್ತು. ತಂಗಿಯನ್ನು ಕರೆದುಕೊಂಡು ಬಾಗಲಕೋಟೆ ನವನಗರದ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಪಾಪ ಒಳ್ಳೆಯವರೇ, ಕುರ್ಚಿ ಕೊಟ್ಟು ಕೂಡಿಸಿ ಮಾತಾಡಿಸಿದರು.

"ಇವರು ಓದಿದ್ದು ಸಾಲಿಯೊಳಗ ಒಂದು ವಿಷಯನ ಅಲ್ರಿ ಟೀಚರ" ಎಂದರು.

"ವಿಷಯ ಅಲ್ಲಂದ್ರ ನಾ ಎಂಟನೇತ್ತದವರಿಗೆ ಶಿಲೆ ಅಂತ ಕಲಸೂದು ಏನ್ರಿ ಅದು?"

"ಅದು ಸಮಾಜ ವಿಜ್ಞಾನದಾಗ ಬರತೈತ್ರಿ."

"ಸಮಾಜದಾಗ ಬರತೈತಿ ಅಂತ ಕಲ್ಲು ಮೆತ್ತಗಾಗತೈತೇನ್ರಿ?"

ತಂಗಿ ನನ್ನ ಸೆರಗು ಜಗ್ಗಿದಳು. "ಸಾಕು ನಡಿಯಕ್ಕಾ, ಅವರೇನು ಮಾಡ್ತಾರ" ಎಂದಳು. ನಿಯಮ ಇವತ್ತಲ್ಲ ನಾಳೆ ಬದಲಾಗುತ್ತದೆ ಎಂಬ ನಂಬಿಕೆ ಅವಳಿಗಿತ್ತು. ಹೊಸ ಪ್ರಕಟಣೆ ಬಂದಾಗಲೆಲ್ಲ ಮೊದಲು ಓದುತ್ತಿದ್ದವಳು ಅವಳೇ. ಅವತ್ತು ಅಡುಗೆ ಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿ ಇರುತ್ತಿತ್ತು, ಅದರಿಂದಲೇ ಪಟ್ಟಿ ಬದಲಾಗಿಲ್ಲ ಎಂದು ನಮಗೆ ಗೊತ್ತಾಗುತ್ತಿತ್ತು.

ನಡುವೆ ಅವಳ ಮದುವೆಯಾಯಿತು. ಗಂಡನದು ಅಮೀನಗಡದಲ್ಲಿ ಕರದಂಟು ಮಿಠಾಯಿಯ ಅಂಗಡಿ. ಒಳ್ಳೆಯ ಹುಡುಗ. ಬಸ್ಸು ನಿಂತಾಗ ಗಿರಾಕಿಗಳ ಗದ್ದಲ, ಬಸ್ಸು ಹೋದ ಮೇಲೆ ಸುಮ್ಮನೆ ಕೂಡುವುದು. ಆ ಸುಮ್ಮನಿರುವ ಹೊತ್ತಿನಲ್ಲಿ ಅವಳು ನನಗೆ ಫೋನ್ ಮಾಡಿ ಕಲ್ಲಿನ ಪಾಠ ಹೇಳುತ್ತಿದ್ದಳು. ಪ್ರತಿ ವರ್ಷ ಆ ಪಾಠ ಬರುವ ಮುಂಚೆ ಇದು ನಮ್ಮ ಪದ್ಧತಿ. ಅವಳು ಹೇಳಿದ್ದನ್ನು ಮರುದಿನ ನಾನು ತರಗತಿಯಲ್ಲಿ ಒಪ್ಪಿಸುತ್ತಿದ್ದೆ. ಮಕ್ಕಳು ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿದರೆ ನಾಳೆ ಹೇಳುತ್ತೇನೆ ಎಂದು ಜಾರಿಕೊಂಡು ಸಂಜೆ ಅವಳನ್ನು ಕೇಳುತ್ತಿದ್ದೆ. ನನ್ನ ಅಜ್ಞಾನ ಅವಳಿಗೆ ದೊಡ್ಡ ತಮಾಷೆ. "ಸರಕಾರ ನಿನಗ ಪಗಾರ ಯಾತಕ್ಕ ಕೊಡತೈತಿ?" ಎಂದು ಕಾಡುತ್ತಿದ್ದಳು.

ಒಂದು ವರ್ಷ ನಾನೇ ಕರೆದೆ. "ಒಂದ ದಿನ ಬಂದು ನೀನ ಹೇಳಿ ಹೋಗ" ಎಂದೆ. ನಮ್ಮ ಹೆಡ್ ಮಾಸ್ತರರೂ ಹೂಂ ಅಂದರು. ಅವಳು ಇಳಕಲ್ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು, ಹೊಸದಾಗಿ ಕೆಲಸಕ್ಕೆ ಹಾಜರಾಗುವವಳ ಹಾಗೆ ಬಸ್ಸಿಳಿದಳು. ಕೈಯಲ್ಲಿ ಕರದಂಟಿನ ಡಬ್ಬಿ. ಮಕ್ಕಳು ಆಸೆಯಿಂದ ನೋಡಿದರೆ ಅದರ ತುಂಬ ಕಲ್ಲು. ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿಯ ಮರಳುಗಲ್ಲು, ಬಾಗಲಕೋಟೆ ಕಡೆಯ ಸುಣ್ಣದ ಕಲ್ಲು.

ಅವಳು ಗ್ರಾನೈಟಿನ ಚೂರು ತೆಗೆದು ಎಲ್ಲರ ಎದುರಿಗೇ ನೆಕ್ಕಿದಳು. ಹುಡುಗಿಯರು ಚೀರಿದರು. ನಂತರ ಒಬ್ಬೊಬ್ಬರ ಕೈಗೂ ಕಲ್ಲು ಹೋಯಿತು, ನೀರಿನ ತಂಬಿಗೆ ಹೋಯಿತು. ಕಣ ಕಣ ಕಾಣುವುದು ನೆಲದೊಳಗೆ ಬಿಸಿಯಲ್ಲಿ ಕರಗಿ, ನಿಧಾನಕ್ಕೆ ಆರಿ ಗಟ್ಟಿಯಾದದ್ದು ಎಂದಳು. ಬಾದಾಮಿಯ ಕಲ್ಲಿನ ಮೇಲಿದ್ದ ಸಣ್ಣ ಅಲೆಗಳ ಗುರುತನ್ನು ಬೆರಳಿಂದ ಮುಟ್ಟಿಸಿ, "ಇಲ್ಲಿ ಒಂದು ಕಾಲಕ್ಕ ನೀರು ಹರೀತಿತ್ತು. ಆ ನೀರು ನೋಡಾಕ ಒಬ್ಬ ಮನುಷ್ಯಾನೂ ಇರಲಿಲ್ಲ. ಬರೇ ಈ ಉಸುಕು ನೋಡೇತಿ" ಎಂದಳು. ಹಿಂದಿನ ಸಾಲಿನ ತುಂಟ ಹುಡುಗರೂ ಎದ್ದು ಬಂದು ಆ ಅಲೆಗಳ ಮೇಲೆ ಬೆರಳಾಡಿಸಿದರು.

"ಟೀಚರ, ನಮ್ಮ ಬೀರಪ್ಪನ ಗುಡಿಯಾಗಿನ ಕಲ್ಲು ಯಾವ ನಮೂನಿದ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು.

"ಅದನ್ನ ಮಾತ್ರ ನೆಕ್ಕಿ ನೋಡಾಕ ಹೋಗಬ್ಯಾಡವಾ, ನಿಮ್ಮವ್ವ ನನ್ನ ಹುಡುಕ್ಕೊಂಡು ಬರ್ತಾಳ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಗುವಿನ ನಡುವೆಯೇ ತಾಲ್ಲೂಕಿನ ಶಿಕ್ಷಣಾಧಿಕಾರಿಯವರು ಒಳಗೆ ಬಂದದ್ದು. ಶಾಲೆ ನೋಡಲು ಹೇಳದೇ ಕೇಳದೇ ಬಂದಿದ್ದರು. ನಾನು ಗಡಬಡಿಸಿ ಎದ್ದು ನಿಂತೆ. ಅವರು ಮುಂದುವರಿಸಿ ಎಂದು ಕೈಸನ್ನೆ ಮಾಡಿ ಹಿಂದಿನ ಬೆಂಚಿನ ಮೇಲೆ ಕುಳಿತರು. ಗಂಟೆ ಹೊಡೆಯುವವರೆಗೂ ಏಳಲಿಲ್ಲ. ಕಲ್ಲು ಅವರ ಕೈಗೂ ಬಂತು. ಅದರ ಮೇಲೆ ನೀರು ಹಾಕಿ ಅವರೂ ನೋಡಿದರು.

ಪಾಠ ಮುಗಿದ ಮೇಲೆ ತಂಗಿಯ ಹತ್ತಿರ ಬಂದು, "ಭಾಳ ಛಂದ ಹೇಳಿದ್ರಿ. ನೀವು ಈ ಸಾಲಿಗೆ ಯಾವಾಗ ಬಂದ್ರಿ?" ಎಂದು ಕೇಳಿದರು.

ಅವಳ ಮುಖ ಒಂದು ಗಳಿಗೆ ಅರಳಿದ್ದನ್ನು ನಾನು ನೋಡಿದೆ. ಆಮೇಲೆ ಕೈಗಂಟಿದ ಧೂಳನ್ನು ಒರೆಸಿಕೊಳ್ಳುತ್ತ, "ನಾ ಟೀಚರ್ ಅಲ್ರಿ ಸರ. ಇವರ ತಂಗಿ. ಕರದಂಟು ಕೊಟ್ಟು ಹೋಗಾಕ ಬಂದಿದ್ನಿರಿ" ಎಂದಳು.

ಅವರು ಅವಳ ಓದು ವಿಚಾರಿಸಿದರು. ಬಿಎಡ್ ಆಗಿದೆ ಎಂದು ಕೇಳಿ, ಮತ್ತೇಕೆ ಅರ್ಜಿ ಹಾಕಿಲ್ಲ ಎಂದರು. ಏಕೆಂದು ನಾನು ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಹೊರಗೆ ವರಾಂಡದಲ್ಲಿ ನನ್ನನ್ನು ಕರೆದು, ಹೊರಗಿನವರಿಂದ ಪಾಠ ಮಾಡಿಸುವುದು ನಿಯಮದಲ್ಲಿಲ್ಲ, ಇನ್ನು ಮುಂದೆ ಬೇಡ ಎಂದು ಮೆತ್ತಗೆ ಹೇಳಿದರು. ಹೇಳುವಾಗ ಅವರಿಗೂ ಕಸಿವಿಸಿಯಾದದ್ದು ಗೊತ್ತಾಗುತ್ತಿತ್ತು. ತಂಗಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿತ್ತು.

ಆಮೇಲೆ ಅವಳು ನನ್ನ ಶಾಲೆಯ ಕಡೆ ಬರಲಿಲ್ಲ. ಕೆಲವು ತಿಂಗಳ ನಂತರ ತಾಲ್ಲೂಕಿನ ಶಿಕ್ಷಕರ ತರಬೇತಿಯಲ್ಲಿ ಶಿಲೆಗಳ ಪಾಠವನ್ನು ತೋರಿಸಿಕೊಡಲು ನನ್ನನ್ನೇ ಕರೆದರು. ನನ್ನ ಶಾಲೆಯಲ್ಲಿ ಅದು ಚೆನ್ನಾಗಿ ನಡೆಯುತ್ತದೆಯಂತೆ. ಆ ಪಾಠ ನನ್ನದಲ್ಲ ಎಂದು ಹೇಳಿ ಬಂದುಬಿಟ್ಟೆ. ಮನೆಗೆ ಬಂದು ಅತ್ತೆ.

ಹೋದ ವರ್ಷ ಮತ್ತೆ ನೇಮಕಾತಿಯ ಸುದ್ದಿ ಬಂತು. ವಿಷಯಗಳ ಪಟ್ಟಿ ಹಾಗೇ ಇತ್ತು. ಅಷ್ಟೇ ಅಲ್ಲ, ನಮ್ಮ ವರ್ಗಕ್ಕೆ ಕೊಡುವ ಸಡಿಲಿಕೆ ಸೇರಿಸಿದರೂ ತಂಗಿಯ ವಯಸ್ಸು ಮಿತಿ ದಾಟಿತ್ತು. ಇನ್ನು ನಿಯಮ ಬದಲಾದರೂ ಅವಳಿಗೆ ಅದರಿಂದ ಉಪಯೋಗವಿಲ್ಲ. ಹೇಗಿದ್ದಾಳೋ ಎಂದು ಭಾನುವಾರ ಅಮೀನಗಡಕ್ಕೆ ಹೋದೆ. ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಬೆಲ್ಲದ ಪಾಕದ ವಾಸನೆ, ನೊಣಗಳು, ಮಧ್ಯಾಹ್ನದ ಬಿಸಿಲು. ಸುದ್ದಿ ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಅಪ್ಪನ ಆರೋಗ್ಯ, ಮಕ್ಕಳ ಶಾಲೆ ಅಂತ ಏನೇನೋ ಮಾತಾಡಿದೆವು. ಅವಳು ಎರಡು ಡಬ್ಬಿ ಕಟ್ಟಿ ನನ್ನ ಚೀಲದಲ್ಲಿಟ್ಟಳು. ನನಗೆ ತಡೆಯಲಾಗದೆ ಸರಕಾರವನ್ನು ಬಾಯಿಗೆ ಬಂದ ಹಾಗೆ ಬಯ್ಯತೊಡಗಿದೆ.

"ಬಿಡಕ್ಕಾ, ನೀ ಒದರಿದ್ರ ಏನಾಗತೈತಿ" ಎಂದಳು. ರಸ್ತೆಯ ಕಡೆ ನೋಡುತ್ತ ಡಬ್ಬಿಗಳ ಮೇಲಿನ ನೊಣ ಓಡಿಸಿದಳು. ಮತ್ತೆ ನನ್ನ ಕಡೆ ತಿರುಗದೆಯೇ ಕೇಳಿದಳು:

"ಅವತ್ತು ಸಾಹೇಬ್ರು ಕೇಳಿದಾಗ ಹೌದ್ರಿ, ನಾ ಈ ಸಾಲಿ ಟೀಚರ್ ಅದೇನಿ ಅಂದಿದ್ರ ಏನಾಗತಿತ್ತಕ್ಕಾ? ಒಬ್ಬ ಮನುಷ್ಯಾನಾದ್ರೂ ಹಂಗ ತಿಳಕೊಂಡು ಹೋಗತಿದ್ದ."