‘ಶ್ರೀ’ ಬಿಟ್ಟು ಬರೆಯುವ ಚಿಕ್ಕಮಾದಮ್ಮ

ಬೆಳಕು ಹರಿಯುತ್ತಿದೆ. ಮಂಡಿ ಮೊಹಲ್ಲಾದ ಗೋದಾಮುಗಳ ಹಿಂದೆ ಲಾರಿಗಳು ನಿಲ್ಲುವ ಬಯಲಿನಲ್ಲಿ ಹೊಚ್ಚ ಹೊಸ ಟ್ರೇಲರ್ ಒಂದು ನಿಂತಿದೆ; ಬದಿಗಳ ಬರಹ ನಿನ್ನೆಯೇ ಮುಗಿದಿದೆ. ಅದರ ಎದುರು ಎರಡು ಪೀಪಾಯಿಗಳ ಮೇಲೆ ಹಲಗೆ ಹಾಕಿಕೊಂಡು ಚಿಕ್ಕಮಾದಮ್ಮ ನಿಂತಿದ್ದಾರೆ. ಸೀರೆಯ ಮೇಲೆ ತೀರಿಹೋದ ಗಂಡನ ಖಾಕಿ ಅಂಗಿ, ತುರುಬಿನಲ್ಲಿ ಸಿಕ್ಕಿಸಿದ ಕುಂಚ. ಸುಣ್ಣ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಟಪ್ಪನೆ ಬಿಟ್ಟರೆ ನೀಲಿ ತಗಡಿನ ಮೇಲೆ ನೇರವಾದ ಬಿಳಿ ಗೆರೆ. ಆ ಗೆರೆಯ ಮೇಲೆ ಹಳದಿ ಅಕ್ಷರಗಳು ಒಂದೊಂದಾಗಿ ಬಂದು ಕೂರುತ್ತಿವೆ: ನಂಜುಂಡಸ್ವಾಮಿ ಟ್ರಾನ್ಸ್‌ಪೋರ್ಟ್, ಮೈಸೂರು.

ಎಲ್ಲ ಮುಗಿದ ಮೇಲೂ ಚಾಲಕನ ಎದುರಿನ ಗಾಜಿನ ಮೇಲ್ಗಡೆ, ಹೆಸರಿಗೆ ಮೊದಲು, ಒಂದು ಗೇಣು ಜಾಗ ಖಾಲಿ ಉಳಿದಿದೆ. ಪತ್ರಿಕೆಗೆ ಬರೆಯಲೆಂದು ಬಂದಿರುವ ನಾನು, ಮರೆತರೇನೋ ಎಂದು ಕೇಳುತ್ತೇನೆ.

‘ಮರ್ತಿಲ್ಲ ಕಣಮ್ಮ. ಅದು ಶ್ರೀ ಬರ್ಯೋ ಜಾಗ. ಅದ ನಾನು ಬರ್ಯಂಗಿಲ್ಲ.’

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಅಶೋಕಪುರಂನ ಚಿಕ್ಕಮಾದಮ್ಮನಿಗೆ ಈಗ ಐವತ್ತು ದಾಟಿದೆ. ಗಂಡ ಮಂಟೇಸ್ವಾಮಿ ಲಾರಿಗಳ ಮೇಲೆ ಹೆಸರು ಬರೆಯುತ್ತಿದ್ದರು. ಅವರು ಗೆರೆ ಹಾಕಿದರೆ ಇವರು ಬಣ್ಣ ತುಂಬುತ್ತಿದ್ದರು. ಜ್ವರ ಬಂದು ಮಂಟೇಸ್ವಾಮಿ ಹೋದಾಗ ಮಗಳು ಗೌತಮಿ ಇನ್ನೂ ಶಾಲೆಯಲ್ಲಿದ್ದಳು. ಹದಿನೈದನೇ ದಿನಕ್ಕೆ ಇವರು ಕುಂಚ ಹಿಡಿದರು. ಕೈ ಚೆನ್ನಾಗಿತ್ತು, ಮಾಲೀಕರು ಕೆಲಸ ಕೊಟ್ಟರು. ಜೊತೆಗೊಂದು ಷರತ್ತನ್ನೂ ಹಾಕಿದರು: ಹೊಸ ಗಾಡಿಯ ಮೊದಲ ಅಕ್ಷರ ಮಾತ್ರ ಇವರು ಬರೆಯಕೂಡದು. ಗಂಡ ಸತ್ತವಳ ಕೈ, ಗಾಡಿಗೆ ಆಗಿಬರುವುದಿಲ್ಲವಂತೆ. ಅದನ್ನು ‘ಕೈಗುಣ’ ಇರುವವರೇ ಬರೆಯಬೇಕಂತೆ.

ಕೇಳಿ ನನಗೆ ಸಿಟ್ಟು ಬಂತು. ಈ ಮಾಲೀಕರ ಕೈಯಲ್ಲಿ ಫೋನು, ಫೋನಿನಲ್ಲಿ ಲಾರಿ ಎಲ್ಲಿದೆ ಎಂದು ತೋರಿಸುವ ನಕ್ಷೆ, ಬಾಯಲ್ಲಿ ಇಂಥ ಮಾತು! ಯಾವ ಕಾಲದಲ್ಲಿದ್ದೇವೆ ನಾವು?

‘ನೀವ್ ಯಾಕಮ್ಮ ಬೇಜಾರ್ ಮಾಡ್ಕತೀರಿ,’ ಎಂದು ಅವರೇ ನನ್ನನ್ನು ಸಮಾಧಾನ ಮಾಡುತ್ತಾರೆ. ‘ಮಿಕ್ಕಿದ್ದೆಲ್ಲ ನಾನೇ ಅಲ್ವಾ ಬರ್ಯೋದು.’

ಆ ಮಿಕ್ಕಿದ್ದು ಕಡಿಮೆಯೇನಲ್ಲ. ಸಣ್ಣ ಗಾಡಿಯಾದರೆ ಅರ್ಧ ದಿನ, ಟ್ರೇಲರ್ ಆದರೆ ಎರಡು ದಿನ. ಹೆಸರು, ಊರು, ಫೋನ್ ನಂಬರು, ಹೊರುವ ತೂಕ, ಹಿಂಬದಿಯಲ್ಲಿ ಮಾಲೀಕರ ಮಕ್ಕಳ ಹೆಸರು. ಸ್ಟಿಕ್ಕರ್ ಅಂಗಡಿಗಳು ಬಂದು ಸಣ್ಣ ಗಾಡಿಗಳ ಕೆಲಸವನ್ನು ಬಹುಪಾಲು ನುಂಗಿವೆ. ದೂರದೂರಿಗೆ ಹೋಗುವ ಲಾರಿಗಳು ಮಾತ್ರ ಇನ್ನೂ ಬಣ್ಣವನ್ನೇ ನೆಚ್ಚಿಕೊಂಡಿವೆ. ಸಂಜೆಯ ಹೊತ್ತಿಗೆ ಚಿಕ್ಕಮಾದಮ್ಮನ ಬಲಗೈ ಮೇಲಕ್ಕೆ ಏಳುವುದಿಲ್ಲ, ಮಗಳೇ ತಲೆ ಬಾಚಬೇಕು.

ಆ ಮಗಳದೇ ಈಗ ಚಿಂತೆ. ಗೌತಮಿ ಸಾಲ ಮಾಡಿ ಒಂದು ಪುಟ್ಟ ಗೂಡ್ಸ್ ಗಾಡಿ ತೆಗೆದುಕೊಂಡು ತಾನೇ ಓಡಿಸುತ್ತಾಳೆ. ಸಿದ್ಧಾರ್ಥನಗರದ ಪೀಠೋಪಕರಣದ ಅಂಗಡಿಯೊಂದು ಅವಳಿಗೆ ಕಾಯಂ ಬಾಡಿಗೆ ಕೊಡಲು ಒಪ್ಪಿದೆ. ಆದರೆ ಹೆಸರು, ನಂಬರು ಇಲ್ಲದ ಬೋಳು ಗಾಡಿಗೆ ಸಾಮಾನು ಹೇರುವುದಿಲ್ಲ, ಸೋಮವಾರದೊಳಗೆ ಬರೆಸಿಕೊಂಡು ಬಾ ಎಂದಿದೆ. ಇವತ್ತು ಶನಿವಾರ. ಮೊದಲ ಅಕ್ಷರ ಅವ್ವನೇ ಬರೆಯಬೇಕು, ಇಲ್ಲದಿದ್ದರೆ ಬರಹವೇ ಬೇಡ ಎಂಬುದು ಮಗಳ ಹಟ. ಬರೆಯುವುದಿಲ್ಲ ಎಂಬುದು ಅವ್ವನ ಹಟ.

‘ಒಬ್ಳೇ ಮಗ್ಳು ಕಣಮ್ಮ. ರೋಡಲ್ಲಿ ಓಡೋ ಗಾಡಿ. ಏನಾರ ಎಚ್ಚುಕಮ್ಮಿ ಆದ್ರೆ ನಾನು ಯಾರ್ನ ಬೈಯ್ಲಿ? ನನ್ನ ಕೈನೇ ತಾನೇ?’

ಊರಿನವರು ಹೇಳಿದ್ದನ್ನು ಇವರೂ ನಂಬಿಬಿಟ್ಟಿದ್ದಾರೆ. ಷರತ್ತಿಗಿಂತ ಇದೇ ನನ್ನನ್ನು ಹೆಚ್ಚು ನೋಯಿಸಿತು.

ಎಂಟು ಗಂಟೆಗೆ ಮಾಲೀಕ ನಂಜುಂಡಸ್ವಾಮಿ ಬಾವಮೈದುನನೊಂದಿಗೆ ಬರುತ್ತಾರೆ. ಕೈಗುಣದವರು ಈ ಬಾವಮೈದುನನೇ. ಚಿಕ್ಕಮಾದಮ್ಮ ಹೇಳಿಸಿಕೊಳ್ಳದೆಯೇ ಹಿಂದಿನ ಚಕ್ರದ ಮರೆಗೆ ಸರಿಯುತ್ತಾರೆ. ಆತ ಹಲಗೆ ಹತ್ತಿ, ಪೊರಕೆ ಹಿಡಿದಂತೆ ಕುಂಚ ಹಿಡಿದು ‘ಶ್ರೀ’ ಎಳೆಯುತ್ತಾನೆ. ಬಣ್ಣ ಗಾಜಿನವರೆಗೂ ಸೋರುತ್ತದೆ. ತೆಂಗಿನಕಾಯಿ ಒಡೆದು, ಕೈಮುಗಿದು, ಇಬ್ಬರೂ ಕಾಫಿಗೆ ಹೋಗುತ್ತಾರೆ.

ಆಮೇಲೆ ನಡೆದದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ಚಿಕ್ಕಮಾದಮ್ಮ ಟರ್ಪೆಂಟೈನ್ ಬಟ್ಟೆ ಹಿಡಿದು ಬಂದವರೇ ಆ ‘ಶ್ರೀ’ಯನ್ನು ಒಂದೇ ಏಟಿಗೆ ಒರೆಸಿ ಹಾಕುತ್ತಾರೆ. ಒಂದು ಚುಕ್ಕೆಯೂ ಉಳಿಯುವುದಿಲ್ಲ. ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಅದೇ ಜಾಗದಲ್ಲಿ ದುಂಡಗೆ ಹೊಸ ‘ಶ್ರೀ’ ಬರೆಯುತ್ತಾರೆ.

‘ಏನಮ್ಮಾ ಇದು!’ ನಾನು ಕಿರುಚಿಯೇಬಿಟ್ಟೆ.

‘ಬರೀ ತಿದ್ದಿದ್ದು ಅಷ್ಟೇಯ. ಅಂಗೇ ಬುಟ್ರೆ ನೋಡ್ದೋರು ಯಾರ್ನ ಆಡ್ಕತಾರೆ? ನನ್ನನ್ನೇ ಅಲ್ವಾ?’

‘ಎಲ್ಲ ಗಾಡಿಗೂ ಹೀಗೇನಾ?’

‘ಮೊದಲ್ನಿಂದ್ಲೂ ಇಂಗೇಯ. ಆ ಕೈಗುಣದೋರಲ್ಲಿ ಒಬ್ಬುರ್ಗಾದ್ರೂ ಕುಂಚ ಹಿಡ್ಯಕ್ಕೆ ಬತ್ತದಾ? ಬಣ್ಣ ಒಣಗೋಕ್ ಮುಂಚೆ ತಿದ್ಬುಡ್ತೀನಿ, ಅವ್ರ್ಯಾರೂ ತಿರ್ಗಿ ನೋಡಲ್ಲ.’

ಹಾಗಾದರೆ ಆ ಗಾಡಿಗಳಿಗೆ ಏನಾಯಿತು? ಏನೂ ಆಗಿಲ್ಲ. ಕೊಲ್ಹಾಪುರದ ತನಕ ಓಡುತ್ತಿವೆ. ಬಾವಮೈದುನನ ಕೈಗುಣದಿಂದಲೇ ತನ್ನ ಲಾರಿಗಳು ಒಂದಕ್ಕೆ ನಾಲ್ಕಾದವು ಎಂದು ನಂಜುಂಡಸ್ವಾಮಿ ಈಗಷ್ಟೇ ನನ್ನೆದುರೇ ಕೊಚ್ಚಿಕೊಂಡಿದ್ದರು!

ತನ್ನ ಗಾಡಿಯಲ್ಲಿ ತಿಂಡಿ ಡಬ್ಬಿ ತಂದ ಗೌತಮಿ ನಮ್ಮ ಹಿಂದೆಯೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಅವಳಿಗೂ ಇದು ಹೊಸ ಸುದ್ದಿ.

‘ಅವ್ವಾ, ಪೂರ್ತಿ ಒರ್ಸಿ ಬರ್ಯೋದ್ನ ತಿದ್ದೋದು ಅಂತಾರಾ?’

‘ಇನ್ನೇನಂತಾರೆ?’

‘ಬರ್ಯೋದು ಅಂತಾರೆ. ಆ ಗಾಡಿಗಳಿಗೆಲ್ಲ ಶ್ರೀ ಬರ್ದಿರೋದು ನೀನು. ಒಂದಾದ್ರೂ ಪಲ್ಟಿ ಹೊಡೀತಾ?’

ಚಿಕ್ಕಮಾದಮ್ಮ ಇಷ್ಟು ವರ್ಷ ಮಾಡಿದ ಕೆಲಸವನ್ನು ಇವತ್ತೇ ನೋಡಿದವರಂತೆ ಹಲಗೆಯ ಮೇಲೆ ಕುಸಿದು ಕೂತರು. ಬಣ್ಣ ಮೆತ್ತಿದ ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರ ಕಣ್ಣು ತುಂಬಿತು, ನನ್ನದೂ.

ತಿಂಡಿ ಡಬ್ಬಿ ಮುಚ್ಚಿದಂತೆಯೇ ಇದೆ. ಅವರು ಎದ್ದು ಮಗಳ ಗಾಡಿಯ ಹತ್ತಿರ ಹೋಗುತ್ತಾರೆ. ದಾರ ಎಳೆದು ಗೆರೆ ಹಾಕುತ್ತಾರೆ. ಕೈಯನ್ನು ಒಮ್ಮೆ ಹಿಂದೆಗೆಯುತ್ತಾರೆ, ಮತ್ತೆ ಚಾಚುತ್ತಾರೆ. ಮೊದಲ ಅಕ್ಷರ ‘ಗೌ’ ಮೂಡುತ್ತದೆ. ಗೌತಮಿ ಪಕ್ಕದಲ್ಲೇ ನಿಂತು ಉಗುರು ಕಚ್ಚುತ್ತಿದ್ದಾಳೆ.

ಹೊರಡುವ ಮುಂಚೆ ನನಗೆ ದಿಗಿಲು. ಇದೆಲ್ಲ ಪತ್ರಿಕೆಯಲ್ಲಿ ಬಂದರೆ ಮಾಲೀಕರು ಸುಮ್ಮನಿರುತ್ತಾರೆಯೇ? ಹೆಸರು ಬಿಟ್ಟು ಬರೆಯಲೇ ಎಂದು ಕೇಳುತ್ತೇನೆ.

ಚಿಕ್ಕಮಾದಮ್ಮ ಅಕ್ಷರದಿಂದ ಕಣ್ಣು ತೆಗೆಯದೆ ಹೇಳುತ್ತಾರೆ: ‘ಹೆಸ್ರು ಹಾಕೇ ಬರೀರಿ ಕಣಮ್ಮ. ನನ್ನ ಕೈ ಆಗಲ್ಲ ಅನ್ನೋರು ಅವ್ರವ್ರ ಗಾಡಿ ಮೇಲಿರೋ ಶ್ರೀನ ಕೆರ್ದು ಹಾಕ್ಲಿ, ನೋಡಾನ.’