ಬಿಟ್ಟುಹೋದವರಿಗೆ ಫೋನ್ ಮಾಡುವವಳು

ತಂಗಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆ ಎಂದು ಅಮ್ಮನ ಅಪ್ಪಣೆ. ಬರೆಯುತ್ತೇನೆ. ಆದರೆ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ಮನೆಯಲ್ಲಿ ಚದುರಂಗ ಬರುತ್ತಿದ್ದುದು ನನಗೆ. ಕುದುರೆ ಹೇಗೆ ನಡೆಯುತ್ತದೆಂದು ಅವಳಿಗೆ ಕಲಿಸಿದ್ದೂ ನಾನೇ. ಅವಳಿಗೆ ಮಾತೊಂದೇ ಬಂಡವಾಳ. ನಾನು ಔಷಧಿ ಅಂಗಡಿ ಸೇರಿದೆ, ಅವಳು ಮೊಬೈಲ್ ಕಂಪನಿಯಲ್ಲಿ ಗ್ರಾಹಕರ ಬೈಗುಳ ಕೇಳುವ ಕೆಲಸಕ್ಕೆ ಸೇರಿದಳು. ಅಲ್ಲಿ ಪಕ್ಕದ ಕುರ್ಚಿಯಲ್ಲಿ, ಪ್ರೋಗ್ರಾಂ ಬರೆಯಬಲ್ಲ ಗೆಳತಿಯೊಬ್ಬಳು ಸಿಕ್ಕಳು. ಇಬ್ಬರೂ ಕೆಲಸ ಬಿಟ್ಟು, ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆನ್‌ಲೈನ್ ಆಟಗಳ ಕಂಪನಿ ತೆರೆದರು. ಕೆಳಗೆ ಯಂತ್ರ ಓಡಿದರೆ ಮೇಲೆ ಮೇಜು ಅದುರುತ್ತಿತ್ತು. ಬೇಗನೆ ಬಾಗಿಲು ಹಾಕುತ್ತಾರೆ ಎಂದು ನಾನು ಅಮ್ಮನಿಗೆ ಹೇಳಿದ್ದೆ. ಹಾಗಾಗಲೆಂದು ಆಸೆಯನ್ನೂ ಪಟ್ಟಿದ್ದೆ.

ಗೆಳತಿ ಪ್ರೋಗ್ರಾಂ ಬರೆದರೆ, ತಂಗಿಯ ಕೆಲಸ ಬೇರೆಯೇ ತರಹದ್ದು. ಬೆಳಿಗ್ಗೆ ಬಂದವಳೇ, ಆಟ ಬಿಟ್ಟುಹೋದವರಿಗೆಲ್ಲ ಫೋನ್ ಮಾಡಿ ಯಾಕೆ ಬಿಟ್ಟಿರಿ ಎಂದು ಕೇಳುವುದು. ಗೆದ್ದವರನ್ನು ಮಾತಾಡಿಸುತ್ತಲೇ ಇರಲಿಲ್ಲ. ಪುರುಸೊತ್ತಿಲ್ಲ ಎನ್ನುವವರು ಕೆಲವರು, ಫೋನು ಕೆಟ್ಟಿತ್ತು ಎನ್ನುವವರು ಕೆಲವರು. ಎಲ್ಲ ಸುಳ್ಳನ್ನೂ ತಾಳ್ಮೆಯಿಂದ ಕೇಳಿಸಿಕೊಂಡು ಆಟವನ್ನು ತಿದ್ದಿಸಿದಳು. ಜನ ಉಳಿದರು. ಕಂಪನಿ ಗಾಜಿನ ಕಟ್ಟಡಕ್ಕೆ ಹೋಯಿತು, ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಕಾದೆ. ಪಾಪಿ, ಅವಕಾಶವನ್ನೇ ಕೊಡಲಿಲ್ಲ. ಸವೆದ ಚಪ್ಪಲಿಯಲ್ಲೇ ಮನೆಗೆ ಬಂದು ಪಾತ್ರೆ ತೊಳೆದಳು.

ಇನ್ನು ನನಗೆ ಉಳಿದದ್ದು ಚದುರಂಗ. ಅದರಲ್ಲಾದರೂ ಅವಳಿಗಿಂತ ಮೇಲೆಂದು ತೋರಿಸಬೇಕು. ಸುಳ್ಳು ಹೆಸರಿಟ್ಟುಕೊಂಡು ಅವಳ ಕಂಪನಿಯ ಚದುರಂಗದ ಆಟಕ್ಕೇ ಸೇರಿದೆ. ಮೊದಮೊದಲು ಸೋತೆ. ಸಿಟ್ಟಿನಲ್ಲಿ ಬಿಟ್ಟೇಬಿಟ್ಟೆ. ಮನಸ್ಸು ತಡೆಯದೆ ಮತ್ತೆ ಶುರುಮಾಡಿದೆ ನೋಡಿ, ಆಮೇಲೆ ಗೆಲುವೇ ಗೆಲುವು. ಗಿರಾಕಿಗಳು ಮಾತ್ರೆಗೆ ಕಾಯುತ್ತ ನಿಂತಿದ್ದರೂ ಕೌಂಟರಿನ ಕೆಳಗೆ ನನ್ನ ಆಟ ನಡೆದೇ ಇರುತ್ತಿತ್ತು.

ಭಾನುವಾರ ಅವಳು ಊಟಕ್ಕೆ ಬಂದಾಗ ಅಮ್ಮನ ಮುಂದೆಯೇ ಫೋನ್ ತೋರಿಸಿ, ನಿನ್ನ ಕಂಪನಿಯಲ್ಲಿ ನನ್ನನ್ನು ಸೋಲಿಸುವವರೇ ಇಲ್ಲ ಎಂದೆ. ತಂಗಿ ಹಿಗ್ಗಿ ಫೋನ್ ಇಸಿದುಕೊಂಡಳು. ನನ್ನ ಆಟಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಅವಳ ಮುಖ ಸಣ್ಣದಾಯಿತು. ಚೆನ್ನಾಗಿ ಆಡುತ್ತೀಯ ಎಂದು ವಾಪಸ್ ಕೊಟ್ಟಳು. ಅವಳ ಸುಳ್ಳು ನನಗೆ ತಿಳಿಯದೇ? ಏನು ವಿಷಯ ಎಂದು ಗಂಟುಬಿದ್ದೆ.

"ಸೋತು ಬಿಟ್ಟುಹೋದೋರು ವಾಪಸ್ ಬಂದ್ರೆ, ಅವರ ಎದುರಿಗೆ ಈಗಷ್ಟೇ ಕಲೀತಿರೋರನ್ನ ಕೂರಿಸ್ತೀವಿ, ಅಕ್ಕ. ಗೆದ್ರೆ ಉಳ್ಕೋತಾರೆ. ಅದು ನೀನು ಅಂತ ನಂಗೆ ಗೊತ್ತಿರ್ಲಿಲ್ಲ."

ಆಡಿಕೊಂಡು ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ತಟ್ಟೆ ನೋಡುತ್ತ ಕೂತಳು. ನನಗೊಬ್ಬಳಿಗೆ ಆ ಏರ್ಪಾಡನ್ನು ತೆಗೆಸಿ, ಸರಿಸಮ ಆಡುವವರನ್ನು ಕೊಡಿಸಲೇ ಎಂದು ಮೆಲ್ಲಗೆ ಕೇಳಿದಳು. ನಾನು ಫೋನನ್ನು ಪಕ್ಕಕ್ಕಿಟ್ಟು ಅನ್ನಕ್ಕೆ ಸಾರು ಬಡಿಸಿಕೊಂಡೆ. ಅವಳು ಮತ್ತೆ ಕೇಳಲಿಲ್ಲ.

ಸೋಮವಾರ ಅಂಗಡಿ ತೆರೆದವಳೇ ಫೋನ್ ಎತ್ತಿಕೊಂಡೆ. ಮೊದಲ ಆಟವನ್ನೇ ಗೆದ್ದೆ. ಖುಷಿಯಾಯಿತು. ಆ ಖುಷಿಯೂ ಅವಳು ಕೊಟ್ಟದ್ದೇ ಎಂದು ಹೊಟ್ಟೆ ಇನ್ನಷ್ಟು ಉರಿಯಿತು.