ಪ್ರಶಸ್ತಿ ಬಂದ ಕೆಮ್ಮು

ಕಿಶನನಿಗೆ ರೋಗಗಳ ಬಗ್ಗೆ ಇದ್ದ ಜ್ಞಾನವೆಲ್ಲ ಪ್ರಶಸ್ತಿ ಪಡೆದ ಸಿನಿಮಾಗಳಿಂದ ಬಂದದ್ದು. ಕೈಗಾದಲ್ಲಿ ಒಬ್ಬ ಗುತ್ತಿಗೆದಾರನ ಉಗ್ರಾಣದಲ್ಲಿ ಕೈಗವಸು, ಹೆಲ್ಮೆಟ್ಟು ಕೊಟ್ಟು ತೆಗೆದುಕೊಳ್ಳುವುದು ಅವನ ನೌಕರಿ. ನಸುಕಿನಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಒಂದು ಬಸ್ಸು, ಅಲ್ಲಿಂದ ಕಾಡಿನೊಳಗೆ ಇನ್ನೊಂದು. ಉಳಿದವರು ಬಾಯಿ ತೆರೆದು ನಿದ್ದೆ ಹೊಡೆಯುವ ಹೊತ್ತಿನಲ್ಲಿ ಇವನು ಕಿವಿಗೆ ಮೊಬೈಲಿನ ದಾರ ಸಿಕ್ಕಿಸಿಕೊಂಡು, ಕದ್ರಾ ದಾಟುವುದರೊಳಗೆ ಪರದೇಶದ ಯಾವುದೋ ಮುದುಕಿ ಸಾಯುವುದನ್ನು ನೋಡಿ ಮುಗಿಸುತ್ತಿದ್ದ. ಹೀಗಾಗಿ ಅವನ ಲೆಕ್ಕದಲ್ಲಿ ರೋಗವೆಂದರೆ ಕಿಟಕಿಯ ಪಕ್ಕ ಕೂತು ಹೊರಗೆ ನೋಡುವುದು. ವೈದ್ಯನೆಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುವವನು. ಔಷಧವೆಂದರೆ ಮೇಜಿನ ಮೇಲೆ ಬೆಳಕು ಬಿದ್ದ ಬಾಟಲಿ. ಅದನ್ನು ಬಿರಡೆ ತೆಗೆದು ಕುಡಿದವರನ್ನು ಅವನು ಯಾವ ಒಳ್ಳೆಯ ಸಿನಿಮಾದಲ್ಲೂ ಕಂಡಿರಲಿಲ್ಲ. ತನಗೆ ಜ್ವರ ಬಂದಾಗ ಮಾತ್ರ ಗುಳಿಗೆ ಎಲ್ಲಿ, ಗಂಜಿ ಎಲ್ಲಿ ಎಂದು ಅತ್ತೆಯ ಮೇಲೆ ಕೂಗಾಡುತ್ತಿದ್ದ. ಆಗ ಕಿಟಕಿಯ ನೆನಪೇ ಆಗುತ್ತಿರಲಿಲ್ಲ.

ಅತ್ತೆಯೆಂದರೆ ನಾಗಿ, ಅವನ ಅಪ್ಪನ ಅಕ್ಕ. ಅಂಕೋಲೆಯ ಕಡಲ ದಂಡೆಯಲ್ಲಿ ಅವಳ ಮನೆ, ಕಿಶನ ಇರುವುದೂ ಅಲ್ಲೇ. ಗಂಡ ಹೋದ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಭಾವಿಕೇರಿಯ ಕೇರಿಕೇರಿ ತಿರುಗಿ ಮೀನು ಮಾರಿದವಳು. ಒಬ್ಬಳೇ ಮಗಳು ಸಪ್ನಾಳನ್ನು ಗೋವೆಗೆ ಮದುವೆ ಮಾಡಿ ಕೊಟ್ಟದ್ದು ಆ ಬುಟ್ಟಿಯಿಂದಲೇ. ಕೊನೆಗೊಮ್ಮೆ ಅಂಕೋಲೆಯ ಮೀನು ಪೇಟೆಯಲ್ಲಿ ಕೂರಲು ಒಂದು ಜಾಗ ಹಿಡಿದಳು. ಬಾಗಿಲ ಹತ್ತಿರದ, ನೆರಳಿರುವ ಜಾಗ. ಆ ಜಾಗ ಅವಳಿಗೆ ಮನೆಗಿಂತ ಹೆಚ್ಚು. ಒಂದು ವಾರ ಖಾಲಿ ಬಿಟ್ಟರೆ ಇನ್ನೊಬ್ಬಳ ಬುಟ್ಟಿ ಬಂದು ಕೂರುತ್ತದೆ ಎಂಬುದು ಪೇಟೆಯ ಶಾಸ್ತ್ರ. ಆಸ್ಪತ್ರೆಯ ಮೆಟ್ಟಿಲನ್ನು ಅವಳು ಹತ್ತಿದ್ದು ನರ್ಸುಗಳಿಗೆ ಬಾಂಗಡೆ ಕೊಡಲು ಮಾತ್ರ.

ಇಂಥವಳನ್ನು ಕ್ಷಯರೋಗಿ ಮಾಡಿದವನು ಕಿಶನ. ಒಬ್ಬ ನಿರ್ದೇಶಕರ ಫೇಸ್‌ಬುಕ್ ಪುಟದಲ್ಲಿ ಅವನು ಬರೆದ ಉದ್ದನೆಯ ಕಮೆಂಟಿಗೆ ಅವರು ಒಂದು ಸಾಲಿನ ಉತ್ತರ ಕೊಟ್ಟರು. ಅಷ್ಟಕ್ಕೇ ಅವನ ಕಾಲು ನೆಲದ ಮೇಲಿರಲಿಲ್ಲ. ಅವರು ಕಡಲ ದಂಡೆಯಲ್ಲಿ ಸಿನಿಮಾ ತೆಗೆಯಲು ಬಂದಾಗ ಇವನೇ ಸ್ಥಳೀಯ ಸಂಚಾಲಕ. ಹಾಗೆಂದರೆ ಚಹಾ ತರುವವನು. ಅವರನ್ನು ಮೊದಲ ದಿನವೇ ಅತ್ತೆಯ ಮನೆಗೆ ಕರೆದುಕೊಂಡು ಹೋದ. ನಾಗಿ ಒಲೆಗೆ ತೆಂಗಿನ ಗರಿ ತುರುಕುತ್ತಿದ್ದಳು. ಹೊಗೆಗೆ ಕೆಮ್ಮು ಬಂತು. ನಿರ್ದೇಶಕರು ಅಂಗಳದಲ್ಲೇ ನಿಂತು ಕಣ್ಣು ಮುಚ್ಚಿಕೊಂಡರು.

“ಈ ಕೆಮ್ಮಿನಲ್ಲಿ ಒಂದು ಶತಮಾನವೇ ಇದೆ,” ಎಂದರು.

“ಶತಮಾನ ಅಲ್ಲಾ ಮಾರಾಯ್ರೇ, ಹಸಿ ಗರಿ,” ಎಂದಳು ನಾಗಿ. “ನಿಮ್ ಕಾಲಡಿಗೆ ಇದ್ದದ್ದು ಒಣಗಿದ್ದು, ಅದ್ನ ಇತ್ಲಾಗೆ ಕೊಡಿ.”

ಅಲ್ಲಿಗೆ ನಾಯಕಿ ನಿಶ್ಚಯವಾದಳು.

ಚಿತ್ರೀಕರಣ ಮುಗಿಯಿತು, ಮಂದಿ ಮರೆತರು. ವರ್ಷ ಕಳೆದ ಮೇಲೆ ಯುರೋಪಿನ ಯಾವುದೋ ಉತ್ಸವದಲ್ಲಿ ಸಿನಿಮಾಕ್ಕೆ ಬಹುಮಾನ ಬಂತು. ಇಡೀ ಸಿನಿಮಾ ನೋಡಿದವರು ಊರಲ್ಲಿ ಯಾರೂ ಇಲ್ಲ, ಕಿಶನನೂ ನೋಡಿರಲಿಲ್ಲ. ಬಂದದ್ದು ವಾಟ್ಸ್ಯಾಪಿನ ಒಂದು ತುಣುಕು. ಅದರಲ್ಲಿ ನಾಗಿ ಕಡಲ ಕಡೆ ಮುಖ ಮಾಡಿ ಕೆಮ್ಮುತ್ತಾಳೆ, ಸೆರಗಿನಿಂದ ಬಾಯಿ ಒರೆಸುತ್ತಾಳೆ, ಸೆರಗು ಕೆಂಪಾಗುತ್ತದೆ. ಅದರ ಹಿಂದೆಯೇ ನಿರ್ದೇಶಕರ ಸಂದರ್ಶನವೂ ಬಂತು: “ನಾನು ನಟರನ್ನು ಬಳಸುವುದಿಲ್ಲ. ನನ್ನ ಸಿನಿಮಾದಲ್ಲಿ ಕಾಣುವುದೆಲ್ಲ ನಿಜ.”

ಪೇಟೆಗೆ ಅಷ್ಟು ಸಾಕಾಯಿತು. ಸಮುದ್ರ ನಿಜ, ಮನೆ ನಿಜ, ನಾಗಿ ನಿಜ. ಮತ್ತೆ ರಕ್ತವೊಂದು ಸುಳ್ಳು ಹೇಗಾಗುತ್ತದೆ?

ಮೊದಲು ದೂರವಾದದ್ದು ಪಕ್ಕದ ಮಂಗಲಾಳ ಬುಟ್ಟಿ. ದಿನಕ್ಕೆ ಒಂದು ಗೇಣಿನಂತೆ ಸರಿಯುತ್ತಾ ಹೋಯಿತು. ಕೇಳಿದರೆ, “ಇಲ್ಲಿ ನೀರು ನಿಲ್ತದೆ ನಾಗಕ್ಕಾ,” ಎನ್ನುತ್ತಿದ್ದಳು. ನೀರು ಮೊದಲಿನಿಂದಲೂ ನಿಲ್ಲುತ್ತಿತ್ತು. ಆಮೇಲೆ ಶಾಲೆಯ ಜಯಶ್ರೀ ಅಕ್ಕೋರು. ರವಿವಾರ ನಾಗಿಯ ಕೈಯ ನೊಗಲಿ ಮೀನು ಇಲ್ಲದಿದ್ದರೆ ಅವರ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಈಗ ಅವರು ಮೂಗಿಗೆ ಸೆರಗು ಹಿಡಿದು, ದೂರದಿಂದಲೇ, “ಎಂಥಾ ಅಭಿನಯ ನಾಗಮ್ಮಾ! ಕಣ್ಣಲ್ಲಿ ನೀರು ಬಂತು,” ಎಂದು ಹೊಗಳಿ, ಮಂಗಲಾಳ ಹತ್ತಿರ ನೊಗಲಿ ಕಟ್ಟಿಸಿಕೊಂಡು ಹೋದರು.

“ಹೊಗಳಿಕೆ ನಂಗೆ, ಗಿರಾಕಿ ಆ ಮಂಗಲಾಗೆ,” ಎಂದು ನಾಗಿ ಸಂಜೆ ಮನೆಯಲ್ಲಿ ಬುಟ್ಟಿ ಕವುಚಿದಳು. ಮಾರದೆ ಉಳಿದ ಮೀನಿಗೆ ಉಪ್ಪು ಹಾಕಿ ಒಣಗಿಸಿದಳು. ಅಂಗಳವೆಲ್ಲ ಒಣಮೀನಾಯಿತು. ಮಂಗಲಾಳೇ ಸುದ್ದಿ ಹಬ್ಬಿಸಿದ್ದು ಎಂದು ಕಿಶನನಿಗೆ ಬಲವಾದ ಗುಮಾನಿ. ಸಿನಿಮಾ ನೋಡಿ ನೋಡಿ ಅವನು ಮುಖ ಓದುವುದರಲ್ಲಿ ಪಳಗಿದ್ದ. ಮಂಗಲಾಳ ಮುಖದಲ್ಲಿ ಅವನಿಗೆ ಸಂಚು ಕಂಡಿತು. ಜಟ್ಟಪ್ಪನ ಮುಖದಲ್ಲೂ ಏನೋ ಕಂಡಿತು. ನೆರೆಮನೆಯ ಈ ಜಟ್ಟಪ್ಪ ದೋಣಿಗೆ ಹೋಗುವವನು, ಬಾಯಿ ಮುಚ್ಚದ ಮನುಷ್ಯ. ನಾಗಿಯ ಕಾಯಿಲೆಯ ಮಾತು ಬಂದ ಕೂಡಲೇ ಬೀಡಿ ಆರಿಸಿ ಎದ್ದು ಹೋಗುತ್ತಿದ್ದ.

ಸಂಶಯವೆಂಬುದು ಕಡಲ ಗಾಳಿಯ ಹಾಗೆ, ಹಂಚಿನ ಸಂದಿಯಿಂದಲೂ ಒಳಗೆ ಬರುತ್ತದೆ. ಪೇಟೆಯ ಹೆಂಗಸರ ದಡ್ಡತನಕ್ಕೆ ನಗುತ್ತಿದ್ದ ಕಿಶನ ಒಂದು ಬೆಳಿಗ್ಗೆ ಅತ್ತೆಯ ಕೆಮ್ಮು ಕೇಳಿ ಹಾಸಿಗೆಯಲ್ಲಿ ಎದ್ದು ಕೂತ. ಒಲೆ ಇನ್ನೂ ಹೊತ್ತಿರಲಿಲ್ಲವಲ್ಲ?

“ಅತ್ತೇ, ಹುಷಾರಿದ್ಯಾ?”

“ಎಂತದೂ ಇಲ್ಲ, ಮಲಕ್ಕ.”

ಎಂತದೂ ಇಲ್ಲ! ಅವನು ಕಂಡ ಒಳ್ಳೆಯ ಸಿನಿಮಾಗಳ ರೋಗಿಗಳೆಲ್ಲ ಹೇಳಿದ್ದು ಇದೇ ಮಾತು. ಹೀಗೆ ಹೇಳಿದವರು ಮಧ್ಯಂತರ ದಾಟಿ ಬದುಕಿದ್ದಿಲ್ಲ. ನಿರ್ದೇಶಕರ ಕಣ್ಣು ಸಾಮಾನ್ಯದ್ದಲ್ಲ, ಅವರಿಗೆ ಏನಾದರೂ ಮೊದಲೇ ಕಂಡಿತ್ತೇ? ಆ ದಿನದಿಂದ ಕಿಶನ ತನ್ನ ಚಹಾದ ಲೋಟವನ್ನು ತಾನೇ ತೊಳೆದು, ಕಪಾಟಿನ ಮೇಲೆ ಬೋರಲು ಹಾಕಿಡತೊಡಗಿದ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದ.

“ತಮಾ,” ಎಂದಳು ನಾಗಿ ಮೂರನೆಯ ದಿನ, ಮೀನು ಹೆಚ್ಚುತ್ತಾ, ತಲೆ ಎತ್ತದೆ. “ಪೇಟೆಯವ್ರು ಬುಟ್ಟಿ ಸರಸ್ತ್ರು, ನೀನು ಲೋಟ ಸರಸ್ತೆ. ಅವ್ರಿಗೆ ಗೇಣು, ನಿಂಗೆ ಕಪಾಟು. ವಿದ್ಯೆ ಕಲ್ತವ ಅಲ್ಲನಾ, ಎತ್ರಕ್ಕೆ ಇಟ್ಟೆ.”

ಕಿಶನನ ಮುಖ ಅವಳು ಹೆಚ್ಚುತ್ತಿದ್ದ ಬಾಂಗಡೆಯ ಹಾಗೇ ಆಯಿತು. ತಪ್ಪು ಮುಚ್ಚಿಕೊಳ್ಳಲು ಅವನು ಇನ್ನೊಂದು ತಪ್ಪು ಮಾಡಿದ. ಆಶಾ ಕಾರ್ಯಕರ್ತೆ ಸಂಧ್ಯಾಳನ್ನು ಮನೆಗೆ ಕರೆಸಿದ. ಕಫ ಪರೀಕ್ಷೆಗೆ ಹೋಯಿತು, ಎಕ್ಸ್‌ರೇ ಆಯಿತು. ಕ್ಷಯವಿಲ್ಲ, ಏನೂ ಇಲ್ಲ, ಒಲೆಯ ಹೊಗೆ ಅಷ್ಟೆ ಎಂದು ಉತ್ತರ ಬಂತು.

“ಇದ್ರೂ ಹೆದರೂಕೆ ಎಂತದಿತ್ತು?” ಎಂದಳು ಸಂಧ್ಯಾ. “ಸರಿಯಾಗಿ ಗುಳಿಗೆ ನುಂಗಿದ್ರೆ ಗುಣ ಆಗೂ ಕಾಯಿಲೆ. ನಿಮ್ ಸಿನಿಮಾದವ್ರು ಒಂದಾದ್ರೂ ಗುಳಿಗೆ ನುಂಗ್ಸ್ತ್ರಾ ಕೇಳು. ಬರೀ ಕೆಮ್ಮಸ್ತ್ರು.”

ಆದರೆ ಸಂಧ್ಯಾಳ ಸ್ಕೂಟರ್ ನಾಗಿಯ ಅಂಗಳದಲ್ಲಿ ನಿಂತದ್ದನ್ನು ಊರು ನೋಡಿತ್ತು. ರೋಗವಿಲ್ಲದಿದ್ದರೆ ಪರೀಕ್ಷೆ ಯಾಕೆ? ಸಿನಿಮಾದ ರಕ್ತಕ್ಕಿಂತ ಆ ಸ್ಕೂಟರ್ ದೊಡ್ಡ ಸಾಕ್ಷಿಯಾಯಿತು. ಬಾಗಿಲ ಹತ್ತಿರದ ಜಾಗ ಇನ್ನು ಯಾರಿಗೆ ಎಂದು ಪೇಟೆಯಲ್ಲಿ ನಾಗಿಯ ಎದುರೇ ಮಾತು ಶುರುವಾಯಿತು.

ಆಗ ದಾರಿ ತೋರಿಸಿದವಳು ನಾಗಿಯೇ.

“ಆ ಸಿನಿಮಾ ಪೂರ್ತಿ ತರ್ಸು,” ಎಂದಳು. “ಎಲ್ರೂ ಕೆಮ್ಮು ಒಂದೇ ನೋಡಿದ್ರು. ನಾ ಸತ್ತದ್ದೂ ಅದ್ರಲ್ಲಿ ಇತ್ತು. ಚಟ್ಟ ಕಟ್ಟಿ, ಹೊತ್ಕಂಡು ಹೋಗಿ, ಎಲ್ಲಾ ತೆಗ್ದಿದ್ರು. ನಾ ಸತ್ತದ್ದು ನೋಡ್ಲಿ. ಸತ್ತವ್ಳು ಎದ್ರಿಗೆ ಕೂತ್ರೆ, ಸಾವೂ ಸುಳ್ಳು, ಕೆಮ್ಮೂ ಸುಳ್ಳು ಅಂತ ಗೊತ್ತಾತದೆ.”

ಇಷ್ಟು ಸರಳವಾದ ತರ್ಕ ಕಿಶನನಿಗೆ ಹೊಳೆದಿರಲಿಲ್ಲ. ಸಾವಿನ ಚಿತ್ರೀಕರಣದ ದಿನ ಅವನಿಗೆ ರಜೆ ಸಿಕ್ಕಿರಲಿಲ್ಲ. ಅತ್ತೆ ಹೇಳಿದ್ದನ್ನೇ ನಂಬಬೇಕು. ನಿರ್ದೇಶಕರ ಕೈಕಾಲು ಹಿಡಿದು ಸಿನಿಮಾ ತರಿಸಿದ. ಸಮಾಜದ ಸಭಾಭವನದಲ್ಲಿ ರವಿವಾರ ಸಂಜೆ ಪರದೆಯೆಂದು ಬಿಳಿ ಪಂಚೆ ಕಟ್ಟಿದರು. ಪೇಟೆಗೆ ಪೇಟೆಯೇ ಬಂತು. ಜಯಶ್ರೀ ಅಕ್ಕೋರು ಕಿಟಕಿಯ ಹತ್ತಿರ ಗಾಳಿ ಬರುವಲ್ಲಿ ಕೂತರು. ನಾಗಿ ಎಲ್ಲರಿಗಿಂತ ಮುಂದೆ, ಅವಳ ಸುತ್ತ ನಾಲ್ಕು ಖಾಲಿ ಕುರ್ಚಿ.

ಸಿನಿಮಾ ಶುರುವಾಯಿತು. ಸಮುದ್ರ. ಮತ್ತೆ ಸಮುದ್ರ.

“ಇದ್ನ ನೋಡೂಕೆ ಇಲ್ಲಿಗೆ ಬರ್ಬೇಕನಾ? ಮನೆ ಹಿಂದೇ ಇತ್ತಲ್ಲ,” ಎಂದರು ಯಾರೋ.

ಪರದೆಯ ಮೇಲೆ ವೈದ್ಯ ಬಂದ. ನಾಗಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟ, ಕನ್ನಡಕ ತೆಗೆದ, ಒರೆಸಿದ, ಹೊರಗೆ ನೋಡಿದ. ಕಿಶನನ ರೋಮ ನಿಮಿರಿತು, ಇದೇ ಕಲೆ!

“ಚೀಟಿ ಬರೀಲಿಲ್ಲ?”

“ಒಂದು ಸೂಜಿ ಆದ್ರೂ ಚುಚ್ಚೂಕಿಲ್ಲಾ?”

“ಕೈಬಿಟ್ಟ ಕೇಸು ಕಾಣ್ತದೆ,” ಎಂದಳು ಮಂಗಲಾ, ಎಲ್ಲರಿಗೂ ಕೇಳುವಂತೆ.

ಕೆಮ್ಮು ಬಂತು, ಕೆಂಪು ಸೆರಗು ಬಂತು. ದಂಡೆಯ ಮೇಲೆ ಹಗ್ಗದ ಮಂಚ, ಅದರ ಮೇಲೆ ನಾಗಿ. ಆಮೇಲೆ ಬಹಳ ಹೊತ್ತು ಅಲೆಗಳು. ಆಮೇಲೆ ಅದೇ ಮಂಚ, ಖಾಲಿ. ಪರದೆ ಕಪ್ಪಾಯಿತು. ದೀಪ ಹತ್ತಿತು.

ಯಾರೂ ಏಳಲಿಲ್ಲ.

“ಅಂದ್ರೆ? ಸತ್ತಿತಾ, ಇಲ್ವಾ?”

“ಹೇಳ್ಲೇ ಇಲ್ಲ.”

“ಸತ್ತದ್ದು ತೋರ್ಸ್ಲಿಲ್ಲ ಅಂದ್ರೆ ರೋಗ ಇನ್ನೂ ಇತ್ತು ಅಂದಾಂಗೇ.”

ಎಲ್ಲರ ಕಣ್ಣೂ ಪರದೆಯಿಂದ ಇಳಿದು ನಾಗಿಯ ಬೆನ್ನಿನ ಮೇಲೆ ಬಂದು ನಿಂತವು. ಅವಳು ತಿರುಗಿದಳು.

“ಕಿಶನಾ, ನಾ ಸತ್ತದ್ದು ಎಲ್ಲಿ?”

“ಕತ್ತರಿಸಿದ್ದಾರೆ ಅತ್ತೇ,” ಎಂದ ಕಿಶನ. “ಅದು... ಖಾಲಿ ಮಂಚ ಅಂದ್ರೇ ಸಾವು. ಪ್ರೇಕ್ಷಕರೇ ಅರ್ಥ ಮಾಡ್ಕೊಬೇಕು ಅಂತ.”

“ಇವ್ರು ಅರ್ಥ ಮಾಡ್ಕಂಡದ್ದು ಸಾಕಾಗ್ಲಿಲ್ವಾ ನಿಂಗೆ?”

ತನಗೆ ಇಷ್ಟು ವರ್ಷ ಪ್ರಿಯವಾಗಿದ್ದ ಸೂಚ್ಯ ಕಲೆಯನ್ನು ಕಿಶನ ಆ ಕ್ಷಣದಲ್ಲಿ ಕಡಲಿಗೆ ಎಸೆಯಲು ತಯಾರಿದ್ದ. ನಾಗಿ ಅವನನ್ನು ಬಿಟ್ಟು ಹಿಂದಿನ ಸಾಲಿನ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಜಟ್ಟಪ್ಪ ಚಪ್ಪಲಿ ಹುಡುಕುತ್ತಿದ್ದ.

“ಏ ಜಟ್ಟಪ್ಪಾ, ನಿಲ್ಲು! ನನ್ ಚಟ್ಟಕ್ಕೆ ಮುಂದಿನ ಬದಿ ಹೆಗಲು ಕೊಟ್ಟವ ಯಾರು?”

“ಯಾವ ಚಟ್ಟ?”

“ಹಳ್ಳದಲ್ಲಿ ಕಾಲು ಜಾರಿ ನನ್ನ ಬೀಳ್ಸೂಕೆ ಹೋಗಿದ್ಯಲ್ಲ, ಆ ಚಟ್ಟ.”

“ನಾ ಎಲ್ಲಿ ಬೀಳ್ಸೂಕೆ ಹೋದೆ?” ಜಟ್ಟಪ್ಪ ಸಿಟ್ಟಿಗೆದ್ದ. ಆಮೇಲೆ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. “ನೀ ಮೇಲಿಂದ ಬೈತಾ ಇದ್ದೆ! ಹೆಣ ಅಂದ್ರೆ ಸುಮ್ನೆ ಮಲಕ್ಕಬೇಕು. ಎಡಕ್ಕೆ ಹೋಗು, ಕಲ್ಲು ನೋಡು, ಯಂತಾ ಹೊರ್ತ್ಯಾ ಅಂತ ದಾರಿ ಉದ್ದಕ್ಕೂ! ಕೇಮ್ರಾ ಶುರು ಅಂದಾಗ ಮಾತ್ರ ಗಪ್ಪು. ಮಡುವಿಗೆ ಬಿದ್ದ ಕಲ್ಲಿನ ಹಾಂಗೆ. ಹೊಟ್ಟೆ ಏರ್ಲಿಲ್ಲ, ಇಳೀಲಿಲ್ಲ. ನಂಗೇ ಹೆದ್ರಿಕೆ ಬಂದಿತ್ತು, ಖರೇ ಹೋಯ್ತಾ ಅಂತ.”

ಕೂತವರಲ್ಲಿ ಅರ್ಧ ಜನ ಕಲ್ಲಿಗೆ ಅಂಟಿದ ಚಿಪ್ಪು ಕೀಳಲು ನೀರಿನಲ್ಲಿ ಮುಳುಗಿ ಬೆಳೆದವರು. ಎಕ್ಸ್‌ರೇ ಅವರಿಗೆ ಅರ್ಥವಾಗದಿರಬಹುದು, ಉಸಿರು ಹಿಡಿದು ದಮ್ಮು ಕಟ್ಟುವುದೆಂದರೆ ಏನೆಂದು ಗೊತ್ತು.

“ದಂಡೆಯಿಂದ ಸ್ಮಶಾನದ ತಂಕಾ ದಮ್ಮು ಕಟ್ತಾ?” ಎಂದ ಒಬ್ಬ ಮುದುಕ ನಂಬಿಕೆಯಿಲ್ಲದೆ.

“ಅಷ್ಟು ದೂರ ಅಲ್ಲಾ ಅಜ್ಜಾ,” ಎಂದ ಜಟ್ಟಪ್ಪ. “ಕೇಮ್ರಾ ಇದ್ದಷ್ಟು ಹೊತ್ತು. ಆದ್ರೆ ನಾಕು ಸಲ ಹೊತ್ವು, ನಾಕು ಸಲನೂ ಕಟ್ತು. ಒಂದು ಸಲನೂ ಕೆಮ್ಮಲಿಲ್ಲ.”

“ಕ್ಷಯದ ಎದೆಗೆ ಅದು ಆಗೂದಲ್ಲ,” ಎಂದ ಮುದುಕ. ವೈದ್ಯರ ವರದಿ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಖಾಲಿ ಕುರ್ಚಿಗಳಲ್ಲಿ ಒಂದಕ್ಕೆ ಒಬ್ಬಳು ಬಂದು ಕೂತಳು. ಇನ್ನೊಬ್ಬಳು ಬಂದಳು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಜಟ್ಟಪ್ಪನ ಹೆಂಡತಿ ಗಂಗೆಯ ಧ್ವನಿ ಏರಿತು.

“ಆ ದಿವ್ಸ ಕಾರವಾರ ಬಂದರದಲ್ಲಿ ಬರ್ಫ್ ಹೊರೂಕೆ ಹೋಗಿದ್ದೆ ಅಂದಿದ್ರಿ ನೀವು! ಬದ್ಕಿದ್ದವರ ಚಟ್ಟ ಹೊತ್ತು, ಅದೇ ಹೆಗಲಲ್ಲಿ ಮನೆ ಒಳಗೆ ಬಂದ್ರಾ?”

“ಮಿಂದ್ಕಂಡೇ ಬಂದಿದ್ದೆ ಮಾರಾಯ್ತೀ...”

“ಅದ್ಕೇ ಹೇಳ್ತೆ ನಾನು, ಆವತ್ತಿಂದ ಬಲೆಗೆ ಒಂದು ಮೀನು ಸರಿಯಾಗಿ ಬಿದ್ದದ್ದಿಲ್ಲ!”

“ಹೌದೇ?” ಎಂದಳು ಮಂಗಲಾ, ಕುರ್ಚಿ ತಿರುಗಿಸಿಕೊಂಡು. ಜಟ್ಟಪ್ಪನ ಅಕ್ಕಪಕ್ಕ ಕೂತವರು ಮೆಲ್ಲಗೆ ಅತ್ತಿತ್ತ ಸರಿದರು.

ಮರುದಿನ ಕಿಶನ ಕೈಗಾಕ್ಕೆ ಹೋಗಲಿಲ್ಲ. ಹೊಟ್ಟೆನೋವು ಎಂದು ಫೋನು ಮಾಡಿ, ಪೇಟೆಯ ಬಾಗಿಲಲ್ಲಿ ನಿಂತ. ಜಯಶ್ರೀ ಅಕ್ಕೋರು ಬಂದರು. ಮಂಗಲಾಳ ಬುಟ್ಟಿಯ ಮುಂದೆ ಒಂದು ಕ್ಷಣ ನಿಂತರು, ಮುಂದೆ ಬಂದರು. ನಾಗಿಯ ಎದುರು ಕೂತು, ಮೂಗಿನ ಸೆರಗು ತೆಗೆದು, ಒಂದು ನೊಗಲಿಯನ್ನು ಎತ್ತಿ ಅದರ ಕಿವಿರು ಬಿಡಿಸಿ ಒಳಗೆ ನೋಡಿದರು. ಹುಬ್ಬು ಗಂಟಿಕ್ಕಿತು.

“ಇದು ನಿನ್ನೇದು ಅಲ್ವಾ ನಾಗಮ್ಮಾ?”

“ನಿನ್ನೇದಾ! ಅಕ್ಕೋರೇ, ಬೆಳಿಗ್ಗೆ ದೋಣಿಯಿಂದ ಇಳಿದದ್ದು! ಕಣ್ಣು ನೋಡಿ, ಹ್ಯಾಂಗೆ ಹೊಳೀತದೆ!”

“ಮಂಜುಗಡ್ಡೆಯಲ್ಲಿಟ್ರೆ ಎಲ್ಲಾ ಹೊಳೀತದೆ.”

“ನಂಬ್ಕೆ ಇಲ್ದಿದ್ರೆ ಮುಂದೆ ಹೋಗಿ!” ಎಂದು ನಾಗಿ ಗಂಟಲು ಹರಿಯುವಂತೆ ಕೂಗಿದಳು. ಅವಳ ಮುಖ ಹಿಗ್ಗಿತ್ತು. ಅಕ್ಕೋರು ಮುಂದೆ ಹೋಗಲಿಲ್ಲ. ಇನ್ನೊಂದು ಮೀನಿನ ಕಿವಿರು ಎತ್ತಿ, ಅದನ್ನೂ ಅಷ್ಟೇ ಗುಮಾನಿಯಿಂದ ನೋಡತೊಡಗಿದರು.